ಓದುವ ಮೊದಲೇ ಬರುವ ತೀರ್ಪು

ಅಮೆರಿಕದ ಕಾಮಿಕ್ ಅಂಗಡಿಗಳಲ್ಲಿ ಬುಧವಾರ ಹೊಸ ಸಂಚಿಕೆಗಳು ಬರುವ ದಿನ. ಖಾಯಂ ಗಿರಾಕಿಗಳ ಹೆಸರಿನಲ್ಲಿ ಎತ್ತಿಟ್ಟ ಕಟ್ಟುಗಳು ಅಂದು ಅವರ ಕೈಸೇರುತ್ತವೆ. ಯಾವ ಸಂಚಿಕೆ ಗೆದ್ದಿತು, ಯಾವುದು ಸೋತಿತು, ಯಾವ ಬರಹಗಾರ ಹಳೇ ಸರಕಿಗೇ ಹೊಸ ರಟ್ಟು ಹಾಕಿದ್ದಾನೆ ಎಂಬ ವಾಗ್ವಾದ ಸಂಜೆಯೊಳಗೆ ಶುರುವಾಗಿರುತ್ತದೆ. ಹೊರಗಿನವರ ಕಣ್ಣಿಗೆ ಇದು ಕೆಲಸವಿಲ್ಲದವರ ಹರಟೆ. ‘ದಿ ಸಿಂಪ್ಸನ್ಸ್’ ಎಂಬ ಕಾರ್ಟೂನ್ ಧಾರಾವಾಹಿಯಲ್ಲಿ ಕಂಡದ್ದನ್ನೆಲ್ಲ ಹೀಗಳೆಯುವ ಕಾಮಿಕ್ ಅಂಗಡಿಯವನ ಪಾತ್ರ ಹುಟ್ಟಿದ್ದೇ ಈ ಹರಟೆಯನ್ನು ಅಣಕಿಸಲು. ಆದರೆ ಸಿನಿಮಾ ನೋಡಿ ಬಂದವರು ಆಡುವ ಮಾತಿಗೂ ಈ ಮಾತಿಗೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಅಭಿಪ್ರಾಯದ ಬೆನ್ನಿಗೆ ಹಣವಿದೆ, ಅದೂ ಮುಂಗಡದ ಹಣ. ಯಾವ ಕಾಮಿಕ್ ಬದುಕಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ಈ ಅಭಿಮಾನಿಗಳೇ ತೀರ್ಮಾನಿಸುತ್ತಾರೆ, ಎಷ್ಟೋ ಸಲ ಪುಸ್ತಕ ಅಚ್ಚಾಗುವ ಮೊದಲೇ. ಅಮೆರಿಕನ್ ಕಾಮಿಕ್‌ನ ಧೈರ್ಯಕ್ಕೂ ಅದರ ಇಕ್ಕಟ್ಟಿಗೂ ಈ ಪದ್ಧತಿಯೇ ಕಾರಣ. ಹಾಗಾಗಿ ಹೊಸ ಸಂಚಿಕೆಗಳ ಬಗ್ಗೆ ಅಭಿಮಾನಿಗಳು ಹೇಳುವುದನ್ನು ಗಂಭೀರವಾಗಿ ಕೇಳಬೇಕು. ಕೇಳಬೇಕಾದ ಹೊತ್ತು ಮಾತ್ರ ಮೊದಲ ಸಂಚಿಕೆಯ ವಾರವಲ್ಲ, ಆರನೆಯ ಸಂಚಿಕೆಯ ವಾರ.

ಇದು ಅರ್ಥವಾಗಬೇಕಾದರೆ ವ್ಯಾಪಾರದ ಲೆಕ್ಕ ಗೊತ್ತಿರಬೇಕು. 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಪರಿಚಯಿಸಿದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಬೆಲೆ 10 ಸೆಂಟ್. ಆಗ ಕಾಮಿಕ್‌ಗಳು ಪತ್ರಿಕೆ ಮಾರುವ ಅಂಗಡಿಗಳಲ್ಲೇ ಸಿಗುತ್ತಿದ್ದವು, ಮಾರಾಟವಾಗದೆ ಉಳಿದ ಪ್ರತಿಗಳನ್ನು ವಾಪಸು ಮಾಡಬಹುದಿತ್ತು. ನಷ್ಟವೆಲ್ಲ ಪ್ರಕಾಶಕರ ತಲೆಗೆ. 1970ರ ದಶಕದಲ್ಲಿ ಬ್ರೂಕ್ಲಿನ್‌ನ ಶಾಲಾ ಮೇಷ್ಟ್ರು ಫಿಲ್ ಸ್ಯೂಲಿಂಗ್ ಈ ಲೆಕ್ಕವನ್ನು ತಲೆಕೆಳಗು ಮಾಡಿದರು. ನ್ಯೂಯಾರ್ಕಿನಲ್ಲಿ ಕಾಮಿಕ್ ಸಮ್ಮೇಳನಗಳನ್ನು ನಡೆಸುತ್ತಿದ್ದ ಅವರು ಪ್ರಕಾಶಕರ ಮುಂದಿಟ್ಟ ಕರಾರು ಸರಳವಾಗಿತ್ತು: ಹೆಚ್ಚು ರಿಯಾಯಿತಿ ಕೊಟ್ಟರೆ ಉಳಿದ ಪ್ರತಿಗಳನ್ನು ವಾಪಸು ಮಾಡುವುದಿಲ್ಲ. ಕಾಮಿಕ್ ಮಾತ್ರ ಮಾರುವ ಅಂಗಡಿಗಳು ಬೆಳೆದದ್ದು ಈ ಕರಾರಿನ ಮೇಲೆ. ಐದು ಡಾಲರ್ ಬೆಲೆಯ ಹತ್ತು ಪ್ರತಿಗಳನ್ನು ಅಂಗಡಿಯವರು ಸುಮಾರು ಅರ್ಧ ಬೆಲೆಗೆ ತಂದರು ಎಂದುಕೊಳ್ಳಿ. ಐದು ಹೋದರೆ ಹಾಕಿದ ಬಂಡವಾಳ ಬಂತು, ಅಷ್ಟೆ. ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಲ್ಲ ಆರನೆಯ ಪ್ರತಿಯಿಂದ ಮುಂದಕ್ಕೆ ಹುಟ್ಟಬೇಕು. ಉಳಿದದ್ದು ಹಳೇ ಸಂಚಿಕೆಗಳ ಪೆಟ್ಟಿಗೆಗೆ. ಇಂಥ ಲೆಕ್ಕದಲ್ಲಿ ಅಂಗಡಿಯವರಿಗಿರುವ ದೊಡ್ಡ ಭರವಸೆ ‘ಪುಲ್ ಲಿಸ್ಟ್’, ಅಂದರೆ ನನಗೆ ಇಂತಿಂಥ ಕಾಮಿಕ್ ತೆಗೆದಿಡಿ ಎಂದು ಗಿರಾಕಿಗಳು ಮೊದಲೇ ಬರೆಸುವ ಪಟ್ಟಿ. ಹೊಸ ಸಂಚಿಕೆಗಳ ವಿವರ ಎರಡು ಮೂರು ತಿಂಗಳು ಮುಂಚೆ ಪ್ರಕಟವಾಗುತ್ತದೆ. ಬಿಡುಗಡೆಗೆ ಕೆಲವು ವಾರ ಇರುವಾಗಲೇ ಅಂಗಡಿಯವರು ಕೊನೆಯ ಸಂಖ್ಯೆ ಹೇಳಿಬಿಡಬೇಕು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದು ಎನ್ನುತ್ತೇವೆ ನಾವು. ಇಲ್ಲಿ ಕುಲಾವಿಗೆ ದುಡ್ಡು ಬಾರದಿದ್ದರೆ ಕೂಸೇ ಹುಟ್ಟುವುದಿಲ್ಲ.

ಈ ಪದ್ಧತಿಯಿಂದ ಆದ ಒಳಿತು ಸಣ್ಣದಲ್ಲ. ಎಷ್ಟು ಬೇಡಿಕೆ ಇದೆಯೋ ಅಷ್ಟೇ ಅಚ್ಚು ಹಾಕಿದರೆ ಸಾಕು ಎಂದಾದಾಗ ಚಿಕ್ಕ ಕೈಗಳಿಗೂ ಧೈರ್ಯ ಬರುತ್ತದೆ. 1981ರಲ್ಲಿ ಮಾರ್ವೆಲ್ ಸಂಸ್ಥೆ ‘ಡ್ಯಾಜ್ಲರ್’ ಮೊದಲ ಸಂಚಿಕೆಯನ್ನು ಪತ್ರಿಕೆ ಅಂಗಡಿಗಳಿಗೆ ಕೊಡದೆ ಕಾಮಿಕ್ ಅಂಗಡಿಗಳಿಗಷ್ಟೇ ಕೊಟ್ಟಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. 1984ರಲ್ಲಿ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ತಾವೇ ಹಣ ಹೊಂದಿಸಿ ಸುಮಾರು 3,000 ಪ್ರತಿ ಅಚ್ಚು ಹಾಕಿಸಿದ ಕಪ್ಪುಬಿಳುಪಿನ ‘ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್’ ಮುಂದೆ ಟೀವಿ, ಸಿನಿಮಾ, ಆಟಿಕೆಗಳ ಸಾಮ್ರಾಜ್ಯವಾಯಿತು. 2003ರಲ್ಲಿ ರಾಬರ್ಟ್ ಕಿರ್ಕ್‌ಮನ್ ಮತ್ತು ಟೋನಿ ಮೂರ್ ತಂದ ‘ದಿ ವಾಕಿಂಗ್ ಡೆಡ್’ ಕೂಡ ಕೆಲವೇ ಸಾವಿರ ಪ್ರತಿಗಳಿಂದ ಶುರುವಾದದ್ದು. ಹೆಸರೇ ಕೇಳದ ಕೃತಿಯ ಮೇಲೆ ಮೊದಲು ಹಣ ಹಾಕಿದವರು ಅಂಗಡಿಯವರು ಮತ್ತು ಅವರ ಖಾಯಂ ಗಿರಾಕಿಗಳು. ಟೀವಿಯವರು ಬಂದದ್ದು ಆಮೇಲೆ. ಈ ಪದ್ಧತಿಯ ಇನ್ನೊಂದು ಮುಖವನ್ನೂ ‘ವಾಕಿಂಗ್ ಡೆಡ್’ ಸರಣಿಯೇ ತೋರಿಸಿತು. 2019ರ ಜುಲೈನಲ್ಲಿ 193ನೇ ಸಂಚಿಕೆಗೆ ಕಥೆಯನ್ನು ಯಾರಿಗೂ ಸುಳಿವು ಕೊಡದೆ ಮುಗಿಸಬೇಕೆಂದು ಕಿರ್ಕ್‌ಮನ್ ಬಯಸಿದಾಗ, ಮುಂದಿನ ಸಂಚಿಕೆಗಳ ಸುಳ್ಳು ಪ್ರಕಟಣೆ ಹೊರಡಿಸಬೇಕಾಯಿತು, ಇಲ್ಲದ ಸಂಚಿಕೆಗಳಿಗೆ ಮುಖಪುಟ ಬರೆಸಬೇಕಾಯಿತು. ಎಲ್ಲವನ್ನೂ ಮೊದಲೇ ಹೇಳಿ ಮಾರಬೇಕಾದ ಪೇಟೆಯಲ್ಲಿ ಓದುಗರನ್ನು ಚಕಿತಗೊಳಿಸಲು ಇಷ್ಟು ನಾಟಕ ಆಡಬೇಕು.

ಕೆಡುಕೂ ಇದೇ ಬೇರಿನಿಂದ ಬಂತು. ಹಳೇ ಕಾಮಿಕ್‌ಗಳು ಲಕ್ಷಗಟ್ಟಲೆ ಬೆಲೆಬಾಳುತ್ತವೆ ಎಂಬ ಸುದ್ದಿ ಹಬ್ಬಿದ ಮೇಲೆ ಓದುವುದಕ್ಕಲ್ಲದೆ ಕೂಡಿಡುವುದಕ್ಕೆ ಕೊಳ್ಳುವವರು ಅಂಗಡಿಗೆ ನುಗ್ಗಿದರು. 1991ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಿಮ್ ಲೀ ಅವರ ‘ಎಕ್ಸ್-ಮೆನ್’ ಮೊದಲ ಸಂಚಿಕೆ ಐದು ಬಗೆಯ ಮುಖಪುಟಗಳಲ್ಲಿ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿಗಳ ದಾಖಲೆ ಮಾಡಿತು. ಮರುವರ್ಷ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಲಕೋಟೆಯಲ್ಲಿ ಬಂತು. ಎಷ್ಟೋ ಜನ ಆ ಲಕೋಟೆಯನ್ನು ಒಡೆಯಲೇ ಇಲ್ಲ. ಎಲ್ಲರ ಮನೆಯಲ್ಲೂ ಇರುವ ವಸ್ತು ಅಪರೂಪದ್ದಾಗುವುದು ಹೇಗೆ? ಆ ಸತ್ಯ ಅರಿವಾದ ಕೂಡಲೇ ಕೊಳ್ಳುವವರು ಮಾಯವಾದರು, ವಾಪಸು ಮಾಡಲಾಗದ ಪ್ರತಿಗಳ ರಾಶಿಯಡಿ ಅಂಗಡಿಗಳು ಒಂದೊಂದಾಗಿ ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ಅರ್ಜಿ ಹಾಕಿತು. ಚಾಳಿ ಮಾತ್ರ ಬಿಟ್ಟಿಲ್ಲ. ಇಂದಿಗೂ ಮಾಮೂಲಿ ಮುಖಪುಟದ 25 ಪ್ರತಿ ತರಿಸಿದ ಅಂಗಡಿಗೆ ಒಂದು ವಿಶೇಷ ಮುಖಪುಟ ಎಂಬ ಆಮಿಷ ನಡೆಯುತ್ತಲೇ ಇದೆ. ಆ ಒಂದು ಪ್ರತಿಯ ಆಸೆಗೆ ಅಂಗಡಿಯವರು ಬೇಕಾದ್ದಕ್ಕಿಂತ ಹೆಚ್ಚು ತರಿಸುತ್ತಾರೆ, ಪ್ರಕಾಶಕರು ಆ ಸಂಖ್ಯೆಯನ್ನೇ ಜನಪ್ರಿಯತೆ ಎಂದು ಸಾರುತ್ತಾರೆ. ಸರಣಿಗೆ ಮತ್ತೆ ಮತ್ತೆ 1ನೇ ಸಂಖ್ಯೆ ಕೊಟ್ಟು ಹೊಸದಾಗಿ ಆರಂಭಿಸುವ ಪರಿಪಾಠದ ಹಿಂದೆಯೂ ಇದೇ ಲೆಕ್ಕವಿದೆ. ಆದ್ದರಿಂದ ಮೊದಲ ಸಂಚಿಕೆಯ ಮಾರಾಟ ಕುತೂಹಲದ, ಆಸೆಬುರುಕತನದ ಲೆಕ್ಕವಾಗಬಹುದು, ಮೆಚ್ಚುಗೆಯ ಲೆಕ್ಕವಾಗುವುದಿಲ್ಲ. ಮೊದಲನೆಯದನ್ನು ಓದಿದವರು ಎರಡನೆಯದಕ್ಕೆ, ಆರನೆಯದಕ್ಕೆ ಮತ್ತೆ ದುಡ್ಡು ತೆತ್ತರೆ ಅದು ಅಭಿಪ್ರಾಯ.

ಅಭಿಮಾನಿಗಳು ಹಳೆಯದಕ್ಕೇ ಜೋತುಬಿದ್ದವರು, ಅವರ ಮಾತು ಕೇಳಿದರೆ ಹೊಸದು ಹುಟ್ಟುವುದೇ ಇಲ್ಲ ಎಂಬ ಆಕ್ಷೇಪ ಹಳೆಯದು. ಈಚಿನ ಎರಡು ಗೆಲುವುಗಳನ್ನು ನೋಡಿದರೆ ಈ ಮಾತು ಅರ್ಧ ಮಾತ್ರ ನಿಜ. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಬರೆದು ಮಾರ್ಕೊ ಕೆಕೆಟ್ಟೊ ಚಿತ್ರಿಸಿದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಶುರುವಾಯಿತು. ಇಲ್ಲಿ ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್ ಹೈಸ್ಕೂಲು ಹುಡುಗನಲ್ಲ. ಹೆಂಡತಿ, ಇಬ್ಬರು ಮಕ್ಕಳಿರುವ ಗೃಹಸ್ಥ, ನಡುವಯಸ್ಸಿನಲ್ಲಿ ಶಕ್ತಿ ಪಡೆಯುವವನು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಕಾಟ್ ಸ್ನೈಡರ್ ಮತ್ತು ನಿಕ್ ಡ್ರಗೋಟಾ ಅವರ ‘ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ ಬಂತು. ಇದರಲ್ಲಿ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್‌ಗೆ ಬಂಗಲೆಯಿಲ್ಲ, ಆಸ್ತಿಯಿಲ್ಲ. ಸತ್ತವನು ತಂದೆ ಒಬ್ಬನೇ, ತಾಯಿ ಬದುಕಿದ್ದಾಳೆ. ತಂದೆ ಶಾಲಾ ಮೇಷ್ಟ್ರಾಗಿದ್ದವನು, ಮಗ ಎಂಜಿನಿಯರ್. ಕೋಟ್ಯಂತರ ಬೆಲೆಯ ಯಂತ್ರಗಳ ಬದಲು ಅವನ ಮೈಮೇಲಿನ ಉಡುಪೇ ಆಯುಧ: ಎದೆಯ ಮೇಲಿನ ಬಾವಲಿ ಲಾಂಛನ ಕಳಚಿಕೊಂಡು ಕೊಡಲಿಯಾಗುತ್ತದೆ, ಮುಖವಾಡದ ಕಿವಿಗಳು ಕತ್ತಿಗಳಾಗುತ್ತವೆ. ಮೂಲ ಕಥೆಯಲ್ಲಿ ಬದ್ಧವೈರಿಗಳಾದ ಹಲವರು ಇಲ್ಲಿ ಅವನ ಬಾಲ್ಯದ ಗೆಳೆಯರು. ಎರಡೂ ಸರಣಿಗಳ ಮೊದಲ ಸಂಚಿಕೆ ಹಲವು ಬಾರಿ ಮರುಮುದ್ರಣ ಕಂಡಿತು, ಮುಂದಿನ ಸಂಚಿಕೆಗಳಿಗೂ ಓದುಗರು ಉಳಿದರು. ಎಂಬತ್ತು ವರ್ಷ ಹಳೆಯ ಪಾತ್ರದಿಂದ ಸಿರಿತನವನ್ನೇ ಕಿತ್ತುಕೊಂಡರೂ ಅಭಿಮಾನಿಗಳು ಮುನಿಯಲಿಲ್ಲ. ಕಾರಣ, ಬದಲಾವಣೆ ಕಥೆಯ ಒಳಗಿನಿಂದ ಬಂದಿತ್ತು: ದುಡ್ಡಿಲ್ಲದವನು ಬ್ಯಾಟ್‌ಮ್ಯಾನ್ ಆಗಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕಥೆ ಅದು. ಆಕ್ಷೇಪದಲ್ಲಿ ಉಳಿಯುವ ಅರ್ಧ ಸತ್ಯವೆಂದರೆ, ಗೆದ್ದ ಹೆಸರುಗಳು ಬ್ಯಾಟ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್. ಪರಿಚಿತ ಹೆಸರಿನ ನೆರಳಿಲ್ಲದೆ ಇಷ್ಟೇ ಧೈರ್ಯ ಮಾಡಿದ ಹೊಸ ಕೃತಿಗೆ ಇಷ್ಟು ಮುಂಗಡ ಸಿಗುವುದು ಅಪರೂಪ.

ಕಥೆಯನ್ನು ಕೊಳ್ಳುವವರ ಕೈಗೆ ಕೊಟ್ಟರೆ ಕಲೆ ಉಳಿಯುತ್ತದೆಯೇ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಎಲ್ಲರೂ ಎತ್ತಿ ತೋರಿಸುವ ಉದಾಹರಣೆ 1988ರದು. ಬ್ಯಾಟ್‌ಮ್ಯಾನ್‌ನ ಜೊತೆಗಾರ ಎರಡನೆಯ ರಾಬಿನ್, ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ ಎಂದು ಡಿಸಿ ಸಂಸ್ಥೆ ಓದುಗರನ್ನೇ ಕೇಳಿತು. ಎರಡು ಫೋನ್ ನಂಬರ್, ಒಂದು ಕರೆಗೆ 50 ಸೆಂಟ್. ಸಾಯಲಿ ಎಂದವು 5,343 ಕರೆಗಳು, ಬದುಕಲಿ ಎಂದವು 5,271. ಬರೀ 72 ಕರೆಗಳ ಅಂತರದಲ್ಲಿ ಹುಡುಗ ಸತ್ತ. ಒಬ್ಬರೇ ಎಷ್ಟು ಸಲ ಬೇಕಾದರೂ ಕರೆ ಮಾಡಬಹುದಾಗಿದ್ದ ಈ ಮತದಾನವನ್ನು ಓದುಗರ ಅಭಿಪ್ರಾಯ ಎನ್ನುವುದು ಕಷ್ಟ. ಆದರೆ ಇದು ಅಭಿಮಾನಿಗಳ ಮಾತಿಗೆ ಬೆಲೆ ಕೊಡಬಾರದು ಎಂಬುದಕ್ಕೆ ಸಾಕ್ಷಿಯಲ್ಲ, ತಪ್ಪು ಹೊತ್ತಿನಲ್ಲಿ ತಪ್ಪು ಪ್ರಶ್ನೆ ಕೇಳಬಾರದು ಎಂಬುದಕ್ಕೆ ಸಾಕ್ಷಿ. ಕಥೆ ಹೇಗೆ ಸಾಗಬೇಕು ಎಂದು ಹೇಳುವುದು ಬರಹಗಾರರ ಕೆಲಸ. ಸಾಗಿದ ಕಥೆ ಮುಟ್ಟಿತೋ ಇಲ್ಲವೋ ಎಂದು ಹೇಳುವುದು ಓದುಗರ ಹಕ್ಕು. ಮುಂಗಡದ ಪದ್ಧತಿ ಇವೆರಡರ ನಡುವಿನ ಗೆರೆಯನ್ನು ಅಳಿಸುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಇಷ್ಟು ಚಿಕ್ಕ ಗುಂಪಿನ ಮಾತಿಗೆ ಇಷ್ಟು ಮಹತ್ವ ಯಾಕೆ? ಅಮೆರಿಕದ ಮಕ್ಕಳು ಇಂದು ಓದುತ್ತಿರುವುದು ರೈನಾ ಟೆಲ್ಗೆಮೈಯರ್, ಡೇವ್ ಪಿಲ್ಕಿ ಅವರ ಚಿತ್ರಕಾದಂಬರಿಗಳನ್ನು, ಜಪಾನಿನ ಮಾಂಗಾಗಳನ್ನು. ಅವೆಲ್ಲ ಹೆಚ್ಚಾಗಿ ಹೋಗುವುದು ಪುಸ್ತಕದಂಗಡಿ, ಗ್ರಂಥಾಲಯ, ಶಾಲೆಯ ಪುಸ್ತಕಮೇಳಗಳ ಮೂಲಕ. 2019ರಲ್ಲಿ ಟೆಲ್ಗೆಮೈಯರ್ ಅವರ ‘ಗಟ್ಸ್’ ಮೊದಲ ಮುದ್ರಣವೇ ಹತ್ತು ಲಕ್ಷ ಪ್ರತಿ. ಕಾಮಿಕ್ ಅಂಗಡಿಗಳ ಲೋಕವೋ, ಬಹುಕಾಲ ಡೈಮಂಡ್ ಎಂಬ ಒಂದೇ ವಿತರಣಾ ಸಂಸ್ಥೆಯನ್ನು ನಂಬಿಕೊಂಡಿತ್ತು. ಕೋವಿಡ್ ಬಂದು 2020ರ ಏಪ್ರಿಲ್‌ನಲ್ಲಿ ಅದು ವಿತರಣೆ ನಿಲ್ಲಿಸಿದಾಗ ಹೊಸ ಕಾಮಿಕ್‌ಗಳೇ ಬಾರದಾದವು. ಡಿಸಿ, ಮಾರ್ವೆಲ್ ಎರಡೂ ಬೇರೆ ದಾರಿ ಹಿಡಿದವು, 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಈ ಲೋಕ ಚಿಕ್ಕದು, ದುರ್ಬಲ ಎಂಬುದನ್ನು ಒಪ್ಪಲೇಬೇಕು. ಆದರೂ ಪುಸ್ತಕದಂಗಡಿಗೆ ಹೋಗುವ ಸೂಪರ್‌ಹೀರೊ ಸಂಪುಟ, ಚಿತ್ರಮಂದಿರಕ್ಕೆ ಬರುವ ಸೂಪರ್‌ಹೀರೊ ಕಥೆ ಎರಡೂ ಮೊದಲು ಪರೀಕ್ಷೆಗೆ ಕೂರುವುದು ಇಪ್ಪತ್ತು ಚಿಲ್ಲರೆ ಪುಟಗಳ ಈ ಮಾಸಿಕ ಸಂಚಿಕೆಗಳಲ್ಲೇ. ಸೋತರೆ ನಷ್ಟ ಸಣ್ಣದು, ಹಾಗಾಗಿ ಪ್ರಯೋಗಕ್ಕೆ ಎಡೆಯಿದೆ. ಆ ಪರೀಕ್ಷೆಯ ಖರ್ಚನ್ನು ಹೊರುವವರು ಚಿಕ್ಕ ಅಂಗಡಿಯವರು ಮತ್ತು ಅವರ ಗಿರಾಕಿಗಳು. ಖರ್ಚು ಹೊತ್ತವರ ಮಾತನ್ನು ಹರಟೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಬೆಂಗಳೂರಿನ ಪುಸ್ತಕದಂಗಡಿಗಳಿಗೆ ಇಂಥ ಕಾಮಿಕ್‌ಗಳು ಹೆಚ್ಚಾಗಿ ಬರುವುದು ಐದಾರು ಸಂಚಿಕೆ ಸೇರಿಸಿದ ಸಂಪುಟಗಳಾಗಿ, ತಿಂಗಳುಗಟ್ಟಲೆ ತಡವಾಗಿ. ಇದು ಕೊರತೆಯಂತೆ ಕಂಡರೂ ಓದುಗರಿಗೆ ಲಾಭವೇ. ಮೊದಲ ವಾರದ ಗದ್ದಲ ಅಷ್ಟರಲ್ಲಿ ಅಡಗಿರುತ್ತದೆ, ಯಾವುದು ಉಳಿಯಿತು ಎಂಬುದು ಗೊತ್ತಾಗಿರುತ್ತದೆ. ‘ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್’, ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಎರಡರ ಮೊದಲ ಸಂಪುಟದಲ್ಲೂ ಆರು ಸಂಚಿಕೆಗಳಿವೆ. ಶುರು ಮಾಡುವವರು ಅಲ್ಲಿಂದಲೇ ಶುರು ಮಾಡಬಹುದು. ಆದರೆ ದೊಡ್ಡ ಹೆಸರಿನ ಆಸರೆಯಿಲ್ಲದ ಹೊಸಬರ ಕಾಮಿಕ್‌ಗೆ, ಅದು ಅಮೆರಿಕದ್ದಾಗಲಿ ನಮ್ಮದೇ ಆಗಲಿ, ಈ ಕಾಯುವ ನಿಯಮ ಬೇಡ. ಹತ್ತು ಪುಟ ತಿರುವಿ ಹಿಡಿಸಿದರೆ ಕೊಂಡುಬಿಡಿ, ಮುಂದಿನದು ಬಂದರೆ ತೆಗೆದಿಡಿ ಎಂದು ಅಂಗಡಿಯವರಿಗೆ ಹೇಳಿ ಬನ್ನಿ. ಆರನೆಯ ಸಂಚಿಕೆಯವರೆಗೆ ಅದು ಬದುಕುವುದು ನಿಮ್ಮ ಆ ಒಂದು ಮಾತಿನಿಂದ.