ಜೇಬಿನೊಳಗಿನ ಕೊರಳಪಟ್ಟಿ

ಮಳೆಗಾಲದ ಒಂದು ಸಂಜೆ ಹೊಂಗಡಹಳ್ಳದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಜಡಿಮಳೆಯನ್ನು ನೋಡುತ್ತಿದ್ದೆ. ಅಪರಿಚಿತನೊಬ್ಬನ ಕರೆ ಬಂದಿತು. ನಮ್ಮ ಬಂಧುಗಳ ಪೈಕಿ ಹುಡುಗನೊಬ್ಬನ ಹೆಸರು ಹೇಳಿ, ಅವನು ಸಾಲ ತೀರಿಸಿಲ್ಲವೆಂದೂ ನಾನೇ ತೀರಿಸಬೇಕೆಂದೂ ಇಲ್ಲಿ ಹೇಳಬಾರದ ಮಾತುಗಳಲ್ಲಿ ಗದರಿಸಿದನು. ವಿಚಾರಿಸಿದಾಗ ತಿಳಿಯಿತು: ಹುಡುಗ ತತ್‌ಕ್ಷಣ ಸಾಲ ಕೊಡುವ ಯಾವುದೋ ಆ್ಯಪನ್ನು ಫೋನಿಗೆ ಹಾಕಿಕೊಂಡು, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆಯ ಗುಂಡಿ ಒತ್ತಿದ್ದನು. ಅವನ ಫೋನಿನಲ್ಲಿದ್ದ ಹೆಸರುಗಳ ಪಟ್ಟಿಯೆಲ್ಲ ಅವರ ಕೈಸೇರಿತ್ತು. ಆ ಪಟ್ಟಿಯಲ್ಲಿ ನಾನೂ ಇದ್ದೆ. ಸಾಲ ಕೊಡುವ ಆ್ಯಪುಗಳು ಗ್ರಾಹಕನ ಸಂಪರ್ಕಪಟ್ಟಿಯನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕ್ ೨೦೨೨ರಲ್ಲಿಯೇ ಕಟ್ಟಳೆ ಮಾಡಿದೆ. ಕಟ್ಟಳೆಗೆ ಹೆದರದವರ ಮಾತು ಬೇರೆ.

ನನ್ನ ಗುಟ್ಟು ನನ್ನ ಪೆಟ್ಟಿಗೆಯಲ್ಲಿ ಮಾತ್ರವೇ ಇಲ್ಲ, ಪರಿಚಿತರೆಲ್ಲರ ಜೇಬಿನಲ್ಲಿಯೂ ಇದೆ ಎಂಬುದು ಅಂದು ಮನಸ್ಸಿಗೆ ನಾಟಿತು. ನನ್ನ ಫೋನೂ ಹಳತಾಗಿತ್ತು. ಹೊಸದೊಂದನ್ನು ಕೊಳ್ಳಲು ಸಕಲೇಶಪುರದ ಪೇಟೆಗೆ ಹೋದೆ.

ಅಂಗಡಿಯ ತರುಣ ಕ್ಯಾಮೆರಾದ ಗುಣಗಾನ ಮಾಡತೊಡಗಿದನು. ನಾನು ಕೇಳಿದ್ದು ಒಂದೇ ಪ್ರಶ್ನೆ: 'ಇದಕ್ಕೆ ಸುರಕ್ಷತೆಯ ದುರಸ್ತಿ ಎಷ್ಟು ವರ್ಷ ಬರುತ್ತದೆ?' ಆತ ನನ್ನ ಮುಖವನ್ನೇ ನೋಡಿದನು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತೋಟದ ಸುತ್ತ ಸೌರಬೇಲಿ ಹಾಕಿಸಿ ನಿಶ್ಚಿಂತೆಯಿಂದ ಮಲಗಿದವನ ಗತಿ ಏನಾಗುತ್ತದೆಂದು ನಾವು ಬಲ್ಲೆವು. ಒಂದು ಮಳೆಗಾಲ ಕಳೆಯುವುದರೊಳಗೆ ಬಳ್ಳಿ ಹಬ್ಬಿ ತಂತಿಯನ್ನು ಮುಟ್ಟುತ್ತದೆ, ವಿದ್ಯುತ್ತು ನೆಲಕ್ಕಿಳಿಯುತ್ತದೆ, ಬೇಲಿ ಬರಿಯ ತಂತಿಯಾಗುತ್ತದೆ. ಆನೆಗೆ ಅದು ಗೊತ್ತಾಗಲು ಬಹಳ ದಿನ ಬೇಕಿಲ್ಲ. ಫೋನಿನ ತಂತ್ರಾಂಶವೂ ಹೀಗೆಯೇ. ಅದರಲ್ಲಿ ಹೊಸ ಹೊಸ ಬಿರುಕುಗಳು ಪತ್ತೆಯಾಗುತ್ತಲೇ ಇರುತ್ತವೆ. ತಯಾರಕರು ತೇಪೆ ಕಳುಹಿಸುತ್ತಿರುವ ತನಕ ಮಾತ್ರ ಬೇಲಿ ಬೇಲಿಯಾಗಿರುತ್ತದೆ. ೨೦೨೩ರ ಗೂಗಲ್ ಪಿಕ್ಸೆಲ್ ೮ಕ್ಕೂ ೨೦೨೪ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ೨೪ಕ್ಕೂ ಏಳು ವರ್ಷಗಳ ವಾಗ್ದಾನವಿದೆ. ಅಷ್ಟು ಹಣ ತೆರಲಾರದ ನನ್ನಂಥವರಿಗೆ ೨೦೨೪ರಲ್ಲಿ ಬಂದ ಗ್ಯಾಲಕ್ಸಿ ಎ ೧೬ರಂಥ ಮಧ್ಯಮ ಬೆಲೆಯ ಫೋನಿಗೂ ಆರು ವರ್ಷವೆಂದು ಹೇಳಿದ್ದಾರೆ. ಎಚ್ಚರ ಬೇಕಾದದ್ದು ಇಲ್ಲಿ: ಈ ಲೆಕ್ಕ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ನಡೆಯುತ್ತದೆಯೇ ಹೊರತು ನಾವು ಕೊಂಡ ದಿನದಿಂದಲ್ಲ. ಹಬ್ಬದ ರಿಯಾಯಿತಿಯಲ್ಲಿ ಅಗ್ಗವಾಗಿ ಸಿಕ್ಕ ಹಳೆಯ ಮಾದರಿಯ ಆಯುಸ್ಸು ಅರ್ಧ ಮುಗಿದೇ ಇರಬಹುದು. ಸೆಟ್ಟಿಂಗ್ಸಿನಲ್ಲಿ ಕೊನೆಯ ದುರಸ್ತಿಯ ತಾರೀಖು ಕಾಣುತ್ತದೆ. ಕೈಗೆ ತೆಗೆದುಕೊಂಡಾಗ ಮೊದಲು ಅದನ್ನು ನೋಡಬೇಕು.

ಸುರಕ್ಷತೆ ಎಂಬುದು ಕಳ್ಳನಿಂದ ರಕ್ಷಣೆ. ಖಾಸಗಿತನ ಅದಕ್ಕಿಂತ ಸೂಕ್ಷ್ಮವಾದದ್ದು. ನಾವೇ ಬಾಗಿಲು ತೆರೆದು ಕರೆದವರಿಂದ ರಕ್ಷಣೆ. ದೀಪ ಉರಿಸುವ ಆ್ಯಪಿಗೆ ನಮ್ಮ ನಂಟರ ಹೆಸರುಗಳೇಕೆ? ೨೦೧೫ರ ಆಂಡ್ರಾಯ್ಡ್ ೬ರಿಂದೀಚೆಗೆ ಇಂಥ ಅನುಮತಿಗಳನ್ನು ಒಂದೊಂದಾಗಿ ನಿರಾಕರಿಸಬಹುದು. ೨೦೧೯ರ ಆಂಡ್ರಾಯ್ಡ್ ೧೦ರಿಂದ, ನಾವಿರುವ ಸ್ಥಳವನ್ನು ಆ್ಯಪ್ ಬಳಸುವಾಗ ಮಾತ್ರ ತಿಳಿಸುವಂತೆ ಮಾಡಬಹುದು. ಆಪಲ್ ಕಂಪನಿಯು ೨೦೨೧ರಿಂದ, ಒಂದು ಆ್ಯಪು ನಮ್ಮನ್ನು ಬೇರೆಡೆಗೂ ಹಿಂಬಾಲಿಸುವ ಮುನ್ನ ನಮ್ಮ ಅಪ್ಪಣೆ ಕೇಳಬೇಕೆಂದು ವಿಧಿಸಿದೆ.

ಸ್ಥಳದ ಮಾತು ಬಂದಾಗಲೆಲ್ಲ ನಮ್ಮ ಆನೆಗಳ ನೆನಪಾಗುತ್ತದೆ. ಸಕಲೇಶಪುರ, ಆಲೂರು ಸೀಮೆಯ ಕೆಲವು ಹೆಣ್ಣಾನೆಗಳ ಕೊರಳಿಗೆ ಅರಣ್ಯ ಇಲಾಖೆ ರೇಡಿಯೋ ಪಟ್ಟಿ ಕಟ್ಟಿದೆ. ಹಿಂಡು ಎಲ್ಲಿದೆಯೆಂದು ಅದರಿಂದ ತಿಳಿಯುತ್ತದೆ. ಜನರ ಫೋನಿಗೆ ಎಚ್ಚರಿಕೆಯ ಸಂದೇಶ ಬರುತ್ತದೆ. ಆ ಸಂದೇಶಕ್ಕಾಗಿಯೇ ನಮ್ಮಲ್ಲಿ ಅನೇಕರು ಫೋನನ್ನು ಕೈಬಿಡಲಾರರು, ನಾನೂ ಬಿಡಲಾರೆ. ಆನೆಗೆ ಪಟ್ಟಿ ಕಟ್ಟಬೇಕಾದರೆ ಅರಿವಳಿಕೆ ಕೊಟ್ಟು ಕೆಡವಬೇಕು. ನಮಗೆ ಆ ತೊಂದರೆಯೇ ಇಲ್ಲ, ಹಣ ಕೊಟ್ಟು ಕೊಂಡು ಕಟ್ಟಿಕೊಳ್ಳುತ್ತೇವೆ. ಎಲ್ಲ ಅನುಮತಿಗಳನ್ನು ಮುಚ್ಚಿದರೂ ಫೋನು ಚಾಲೂ ಇರುವವರೆಗೆ ನಾವು ಯಾವ ಗೋಪುರದ ನೆರಳಿನಲ್ಲಿದ್ದೇವೆಂದು ದೂರವಾಣಿ ಕಂಪನಿಗೆ ಗೊತ್ತೇ ಇರುತ್ತದೆ.

ಹಾಗಿದ್ದರೆ ಇಷ್ಟು ಪರದಾಟವೇಕೆ ಎಂದು ಮಿತ್ರರೊಬ್ಬರು ಕೇಳಿದರು. ಮುಚ್ಚಿಡಲು ನಿಮ್ಮಲ್ಲಿ ಏನಿದೆ ಎಂದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅವರಿಗೆ ಮುಚ್ಚಿಡುವುದೇನಿತ್ತೆಂದು ಯಾರೂ ಕೇಳಲಿಲ್ಲ.

ಕೊನೆಗೆ ಆರು ವರ್ಷದ ವಾಗ್ದಾನವುಳ್ಳ ಫೋನನ್ನೇ ಆರಿಸಿದೆ. ಹುಟ್ಟಿದ ವರ್ಷವನ್ನು ಬಿಟ್ಟು ಆರಂಕಿಯ ಬೀಗಸಂಖ್ಯೆ ಇಟ್ಟೆ. ಹಳೆಯದನ್ನು ವಿನಿಮಯಕ್ಕೆ ಕೊಡಿರೆಂದು ತರುಣ ಒತ್ತಾಯಿಸಿದನು; ಒಳಗಿನದನ್ನೆಲ್ಲ ಅಳಿಸದೆ ಕೊಡಲಾರೆನೆಂದು ಜೇಬಿಗೆ ಹಾಕಿಕೊಂಡೆ. ಹಣ ಎಣಿಸಿಕೊಂಡು ಅವನು ಬಿಲ್ಲಿನ ಪುಸ್ತಕ ತೆರೆದನು.

'ಸಾರ್, ನಿಮ್ಮ ಮೊಬೈಲ್ ನಂಬರ್ ಹೇಳಿ' ಎಂದನು.