ಕೊನೆಯ ದಿನದೊಳಗೆ ಜರ್ಸಿ ಬದಲಿಸುವವರು

ವೃತ್ತಿಪರ ಲೀಗ್‌ನ ಒಂದು ತಂಡ ತನ್ನ ಒಪ್ಪಂದದಲ್ಲಿರುವ ಆಟಗಾರನನ್ನು ಹರಾಜಿಗೆ ಕಳಿಸದೆ ನೇರವಾಗಿ ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟರೆ ಅದು ಟ್ರೇಡ್. ಇದಕ್ಕೆ ಲೀಗ್ ಗಡುವು ಹಾಕಿರುತ್ತದೆ. ಗಡುವು ಮುಗಿದ ಮೇಲೆ ಒಂದು ತಂಡ ಇನ್ನೊಂದು ತಂಡದಿಂದ ಆಟಗಾರನನ್ನು ತರಿಸಿಕೊಳ್ಳುವಂತಿಲ್ಲ.

ಗಡುವು ಏಕೆ ಬೇಕು ಎಂಬುದಕ್ಕೆ ಅಮೆರಿಕದ ಬೇಸ್‌ಬಾಲ್ ಉತ್ತರ ಕೊಡುತ್ತದೆ. 1922ರ ಜುಲೈ ಕೊನೆಯಲ್ಲಿ, ಋತು ಅರ್ಧಕ್ಕಿಂತ ಹೆಚ್ಚು ಮುಗಿದಿದ್ದಾಗ, ನ್ಯೂಯಾರ್ಕ್ ಯಾಂಕೀಸ್ ತಂಡ ಬಾಸ್ಟನ್‌ನಿಂದ ಜೋ ಡುಗನ್‌ನನ್ನು ತರಿಸಿಕೊಂಡಿತು. ಆ ವರ್ಷ ಸೇಂಟ್ ಲೂಯಿಸ್ ಬ್ರೌನ್ಸ್ ತಂಡ ಯಾಂಕೀಸ್‌ಗಿಂತ ಒಂದೇ ಪಂದ್ಯದಷ್ಟು ಹಿಂದುಳಿದು ಅಗ್ರಸ್ಥಾನ ಕಳೆದುಕೊಂಡಿತು. ಹಣವಿದ್ದವರು ಕೊನೆಗಳಿಗೆಯಲ್ಲಿ ತಂಡ ಬಲಪಡಿಸಿಕೊಳ್ಳಬಹುದಾದರೆ ಏಪ್ರಿಲ್‌ನಿಂದ ಬೆವರು ಸುರಿಸಿದ್ದಕ್ಕೆ ಬೆಲೆ ಏನು ಎಂಬ ದೂರು ಎದ್ದಿತು. ಮರುವರ್ಷ ಜೂನ್ 15ರ ಗಡುವು ಬಂತು. 1986ರಲ್ಲಿ ಅದು ಜುಲೈ 31ಕ್ಕೆ ಸರಿಯಿತು. ಆ ದೂರಿನಲ್ಲಿ ನ್ಯಾಯವಿತ್ತು. ಎಲ್ಲ ತಂಡಗಳಿಗೂ ಒಂದೇ ಕೊನೆಯ ದಿನ ಇಲ್ಲದಿದ್ದರೆ ಅಂಕಪಟ್ಟಿಗೆ ಅರ್ಥವಿರುವುದಿಲ್ಲ.

ಭಾರತದ ಕ್ರಿಕೆಟ್ ಲೀಗ್ ಐಪಿಎಲ್‌ನ ಕ್ರಮ ಬೇರೆ. ಇಡೀ ಟೂರ್ನಿ ಎರಡು ತಿಂಗಳಲ್ಲಿ ಮುಗಿಯುವುದರಿಂದ ಟ್ರೇಡ್‌ಗಳೆಲ್ಲ ನಡೆಯುವುದು ಟೂರ್ನಿಗೆ ಮುಂಚೆ. ಹಿಂದಿನ ಟೂರ್ನಿ ಮುಗಿದ ಕೆಲ ಕಾಲಕ್ಕೆ ಟ್ರೇಡ್ ವಿಂಡೋ ತೆರೆಯುತ್ತದೆ, ಹರಾಜಿಗೆ ಒಂದು ವಾರವಿರುವಾಗ ಮುಚ್ಚುತ್ತದೆ. ಹರಾಜಿನ ನಂತರ ಮತ್ತೆ ತೆರೆದರೂ ಆಗಷ್ಟೇ ಹರಾಜಿನಲ್ಲಿ ಕೊಂಡವರನ್ನು ಆ ಋತುವಿಗೆ ಬೇರೆ ತಂಡಕ್ಕೆ ಕೊಡುವಂತಿಲ್ಲ. ಹರಾಜಿಗೆ ಮುಂಚೆ ವಿಂಡೋ ಮುಚ್ಚುವುದಕ್ಕೂ ಮೊದಲೇ ಇನ್ನೊಂದು ಗಡುವು ಬರುತ್ತದೆ: ಯಾರನ್ನು ಉಳಿಸಿಕೊಂಡಿದ್ದೇವೆ, ಯಾರನ್ನು ಬಿಟ್ಟಿದ್ದೇವೆ ಎಂಬ ಪಟ್ಟಿಯನ್ನು ಪ್ರತಿ ತಂಡವೂ ಸಲ್ಲಿಸಬೇಕಾದ ದಿನ. ನಿಜವಾದ ಒತ್ತಡ ಇರುವುದು ಆ ದಿನವೇ.

ವಿನಿಮಯದಲ್ಲಿ ಮೂರು ಬಗೆ. ಆಟಗಾರನಿಗೆ ಆಟಗಾರ, ಆಟಗಾರನ ಜೊತೆ ಒಂದಿಷ್ಟು ಹಣ, ಇಲ್ಲವೇ ಪೂರ್ತಿ ಹಣ. ಕೊಡಗಿನ ರಾಬಿನ್ ಉತ್ತಪ್ಪ 2009ರಲ್ಲಿ ಮುಂಬೈನಿಂದ ಬೆಂಗಳೂರಿನ ತಂಡ ಆರ್‌ಸಿಬಿಗೆ ಬಂದದ್ದು ಮೊದಲ ಬಗೆಯಲ್ಲಿ. ಜಹೀರ್ ಖಾನ್ ಅತ್ತ ಹೋದರು. ಕರ್ನಾಟಕದ ದೇವದತ್ತ ಪಡಿಕ್ಕಲ್ 2023ರ ನವೆಂಬರ್‌ನಲ್ಲಿ ರಾಜಸ್ಥಾನದಿಂದ ಲಖನೌಗೆ ಹೋದಾಗ ಅತ್ತಲಿಂದ ಬಂದವರು ಆವೇಶ್ ಖಾನ್. ಆಟಗಾರನ ಸಂಭಾವನೆ ಕೊಳ್ಳುವ ತಂಡದ ಪರ್ಸ್‌ಗೆ, ಅಂದರೆ ಲೀಗ್ ನಿಗದಿ ಮಾಡಿದ ಖರ್ಚಿನ ಮಿತಿಗೆ, ಲೆಕ್ಕವಾಗುತ್ತದೆ. ಎರಡು ತಂಡಗಳು ತಮ್ಮೊಳಗೆ ಒಪ್ಪಿಕೊಂಡ ವರ್ಗಾವಣೆ ಶುಲ್ಕ ಈ ಲೆಕ್ಕದಿಂದ ಹೊರಗೆ.

ಈ ಪರ್ಸ್‌ನ ಲೆಕ್ಕವೇ ಗಡುವಿನ ದಿನ ಎಲ್ಲರನ್ನೂ ಓಡಾಡಿಸುತ್ತದೆ. 2023ರ ನವೆಂಬರ್ 26 ಅದಕ್ಕೆ ಒಳ್ಳೆಯ ನಿದರ್ಶನ. ಗುಜರಾತ್ ಟೈಟನ್ಸ್ ನಾಯಕ ಹಾರ್ದಿಕ್ ಪಾಂಡ್ಯ ಅವರನ್ನು ಮರಳಿ ತರಲು ಮುಂಬೈ ಇಂಡಿಯನ್ಸ್ ಬಯಸಿತ್ತು. ಅವರ ಸಂಭಾವನೆ 15 ಕೋಟಿ ರೂಪಾಯಿ, ಆದರೆ ಮುಂಬೈ ಪರ್ಸ್‌ನಲ್ಲಿ ಅಷ್ಟು ಜಾಗವಿರಲಿಲ್ಲ. ಹಿಂದಿನ ಹರಾಜಿನಲ್ಲಿ 17.5 ಕೋಟಿಗೆ ಕೊಂಡಿದ್ದ ಆಸ್ಟ್ರೇಲಿಯಾದ ಕ್ಯಾಮರಾನ್ ಗ್ರೀನ್ ಅವರನ್ನು ಬಿಟ್ಟುಕೊಟ್ಟರೆ ಜಾಗವಾಗುತ್ತಿತ್ತು. ಅವರನ್ನು ಕೊಳ್ಳಲು ಆರ್‌ಸಿಬಿ ಮುಂದೆ ಬಂತು. ಆರ್‌ಸಿಬಿಯೂ ಹಣ ಹೊಂದಿಸಬೇಕಿತ್ತು. ಹರ್ಷಲ್ ಪಟೇಲ್, ವನಿಂದು ಹಸರಂಗ, ಜೋಶ್ ಹೇಜಲ್‌ವುಡ್ ಮೂವರೂ ಬಿಡುಗಡೆಯ ಪಟ್ಟಿ ಸೇರಿದರು. ಪಟ್ಟಿ ಸಲ್ಲಿಸುವ ಸಂಜೆ ಹಾರ್ದಿಕ್ ಹೆಸರು ಇನ್ನೂ ಗುಜರಾತ್ ಉಳಿಸಿಕೊಂಡವರಲ್ಲೇ ಇತ್ತು. ಮರುದಿನ ಎರಡೂ ಟ್ರೇಡ್‌ಗಳು ಅಧಿಕೃತವಾದವು. ಆ ಸಲದ ವಿಂಡೋ ಡಿಸೆಂಬರ್ 12ರವರೆಗೆ ತೆರೆದಿತ್ತು, ದುಬೈನಲ್ಲಿ ಹರಾಜು ನಡೆದದ್ದು 19ರಂದು.

ಬೆಂಗಳೂರಿನ ಅಭಿಮಾನಿಗಳಿಗೆ ಇದರಲ್ಲಿ ನೋವಿನ ಎಳೆಯೊಂದಿತ್ತು. ಹರ್ಷಲ್ ತಾವೇ ಟ್ರೇಡ್ ಮೂಲಕ ಬಂದವರು. 2021ರ ಜನವರಿಯಲ್ಲಿ ಡೆಲ್ಲಿ ಕ್ಯಾಪಿಟಲ್ಸ್‌ನಿಂದ ಆರ್‌ಸಿಬಿ ಸೇರಿದಾಗ ಅವರ ಸಂಭಾವನೆ 20 ಲಕ್ಷ. ಆ ಋತುವಿನಲ್ಲಿ 32 ವಿಕೆಟ್ ಪಡೆದು, 2013ರಲ್ಲಿ ಡ್ವೇನ್ ಬ್ರಾವೊ ಬರೆದಿದ್ದ ದಾಖಲೆಯನ್ನು ಸರಿಗಟ್ಟಿದರು. ಐಪಿಎಲ್ ಟ್ರೇಡ್‌ಗಳಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಕೊಟ್ಟದ್ದು ಅಪರೂಪ. 2016ಕ್ಕೆ ಮುನ್ನ ಸನ್‌ರೈಸರ್ಸ್ ಹೈದರಾಬಾದ್‌ನಿಂದ ಕೆ.ಎಲ್. ರಾಹುಲ್ ಅವರನ್ನು ಮರಳಿ ತಂದದ್ದು ಆರ್‌ಸಿಬಿಯ ಇನ್ನೊಂದು ಜಾಣ ನಡೆ. ಆ ವರ್ಷ ತಂಡ ಫೈನಲ್ ತಲುಪಿತು.

ಆಟಗಾರನ ಮಾತಿಗೆ ಬೆಲೆ ಎಷ್ಟು? ಐಪಿಎಲ್‌ನಲ್ಲಿ ಅವನ ಒಪ್ಪಿಗೆ ಇಲ್ಲದೆ ಟ್ರೇಡ್ ಆಗದು. ಆದರೆ ಅವನೇ ಹೊಸ ತಂಡದ ಜೊತೆ ಮಾತುಕತೆಗೆ ಇಳಿಯುವಂತಿಲ್ಲ. ಹಾಗೆ ಮಾಡಿದ್ದಕ್ಕೆ ರವೀಂದ್ರ ಜಡೇಜ 2010ರ ಇಡೀ ಟೂರ್ನಿಯಿಂದ ಹೊರಗುಳಿಯಬೇಕಾಯಿತು. ಅಮೆರಿಕದಲ್ಲಿ ಸ್ಥಿತಿ ಕಠಿಣ. ಒಪ್ಪಂದದಲ್ಲಿ ವಿಶೇಷ ಷರತ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಆಟಗಾರನನ್ನು ಕೇಳಬೇಕಾಗಿಯೇ ಇಲ್ಲ. 2025ರ ಫೆಬ್ರವರಿಯಲ್ಲಿ, ಅಲ್ಲಿನ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಗಡುವಿಗೆ ಕೆಲವೇ ದಿನಗಳಿರುವಾಗ, ಡಲ್ಲಾಸ್ ತಂಡ ತನ್ನ ತಾರೆ ಲೂಕಾ ಡಾಂಚಿಚ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟಾಗ ಸ್ವತಃ ಆತನಿಗೇ ಮುನ್ಸೂಚನೆ ಇರಲಿಲ್ಲ. ಆಟಗಾರನ ಮನೆ, ಮಕ್ಕಳ ಶಾಲೆ ಎಲ್ಲವೂ ಒಂದು ರಾತ್ರಿಯಲ್ಲಿ ಬೇರೆ ಊರಿಗೆ ಹೊರಡಬೇಕಾಗುತ್ತದೆ. ಈ ವಿಷಯದಲ್ಲಿ ಐಪಿಎಲ್ ನಿಯಮವೇ ಹೆಚ್ಚು ಮಾನವೀಯ.

ಗಡುವು ಮುಗಿದ ಮೇಲೂ ಒಂದು ದಾರಿ ತೆರೆದಿರುತ್ತದೆ. ಗಾಯಗೊಂಡವನ ಬದಲಿಗೆ ಯಾವ ತಂಡದ ಒಪ್ಪಂದದಲ್ಲೂ ಇಲ್ಲದ ಆಟಗಾರನನ್ನು ಸೇರಿಸಿಕೊಳ್ಳಬಹುದು. 2025ರ ಟೂರ್ನಿಗಾಗಿ ನಡೆದ ಹರಾಜಿನಲ್ಲಿ 2 ಕೋಟಿಗೆ ಆರ್‌ಸಿಬಿಗೆ ಮರಳಿದ್ದ ಪಡಿಕ್ಕಲ್ ಟೂರ್ನಿಯ ನಡುವೆ ಗಾಯಗೊಂಡರು. ಅದೇ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಮಯಾಂಕ್ ಅಗರ್ವಾಲ್ ಮೇ ತಿಂಗಳಲ್ಲಿ ಅವರ ಜಾಗಕ್ಕೆ ಬಂದರು. ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದು ಆರ್‌ಸಿಬಿ ಮೊದಲ ಸಲ ಟ್ರೋಫಿ ಎತ್ತಿದಾಗ, ಆಡಿದ ಹನ್ನೊಂದು ಮಂದಿಯಲ್ಲಿ ಮಯಾಂಕ್ ಕೂಡ ಇದ್ದರು.