ಲಾಲ್‌ಬಾಗ್‌ನ ಎರಡನೇ ಭಾನುವಾರ

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಪಕ್ಷಿ ವೀಕ್ಷಣೆಯ ನಡಿಗೆ ನಡೆಯುತ್ತದೆ. ನಡಿಗೆಗೆ ಶುಲ್ಕವಿಲ್ಲ; ಆಸಕ್ತರು ಯಾರು ಬೇಕಾದರೂ ಸೇರಬಹುದು.

ಈ ಪರಿಪಾಠದ ಹಿಂದಿರುವುದು 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಕಟ್ಟಿದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್.

ಜಾಗವೂ ಹೇಳಿ ಮಾಡಿಸಿದಂತಿದೆ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ಸಸ್ಯೋದ್ಯಾನ ಇಂದು ಸುಮಾರು 240 ಎಕರೆಗೆ ಹರಡಿದೆ. ಕೆರೆಯಲ್ಲಿ ನೀರುಕಾಗೆ, ದಡದಲ್ಲಿ ಮಿಂಚುಳ್ಳಿ, ಹಳೆಯ ಮರಗಳ ಪೊಟರೆಯಲ್ಲಿ ಗಿಳಿ, ಹಾಲಕ್ಕಿ. ನೆತ್ತಿಯ ಮೇಲೆ ಹದ್ದು.

ವಿಧಾನ ಸರಳ. ಪಳಗಿದವರ ಜೊತೆ ಹೊಸಬರು ಹೆಜ್ಜೆ ಹಾಕುತ್ತಾರೆ. ಮೊದಲು ಕೂಗಿಗೆ ಕಿವಿಗೊಡಬೇಕು. ಆಮೇಲೆ ಗಾತ್ರ, ಕೊಕ್ಕು, ಬಣ್ಣ ಗಮನಿಸಬೇಕು. ಕೊನೆಗೆ ಹಕ್ಕಿಯ ಹೆಸರು, ಸಂಖ್ಯೆ, ಸಮಯ ಬರೆದಿಡಬೇಕು.

ಇಂಥ ಪಟ್ಟಿಗಳು ಇ-ಬರ್ಡ್ ಎಂಬ ಜಾಲತಾಣ ಸೇರಿದಾಗ ವಲಸೆ ಹಕ್ಕಿ ಯಾವಾಗ ಬಂತು, ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂಬುದು ವಿಜ್ಞಾನಿಗಳಿಗೆ ತಿಳಿಯುತ್ತದೆ. ಸಾಮಾನ್ಯರ ನೋಟವೇ ಅಮೂಲ್ಯ ದಾಖಲೆಯಾಗುತ್ತದೆ.

ಹಕ್ಕಿ ನೋಡಿ ಬರೆದಿಡಲು ದೊಡ್ಡ ಉದ್ಯಾನವೇ ಬೇಕೆಂದಿಲ್ಲ. ಪ್ರತಿ ಫೆಬ್ರುವರಿಯಲ್ಲಿ 4 ದಿನ ನಡೆಯುವ ಜಾಗತಿಕ ಹಿತ್ತಲ ಹಕ್ಕಿ ಎಣಿಕೆಗೆ ಒಂದು ಸಲಕ್ಕೆ 15 ನಿಮಿಷ ಸಾಕು. ಭಾರತ 2013ರಿಂದ ಇದರಲ್ಲಿ ಪಾಲ್ಗೊಳ್ಳುತ್ತಿದೆ. ಕಾಗವಾಡ ತಾಲ್ಲೂಕಿನ ಜುಗೂಳದಂಥ ಕೃಷ್ಣಾ ತೀರದ ಊರುಗಳಲ್ಲಿ ಹೊಳೆದಂಡೆ, ಕಬ್ಬಿನ ಹೊಲ, ಶಾಲೆಯ ಅಂಗಳ ಮೂರೂ ಈ ಎಣಿಕೆಗೆ ಒದಗುವ ತಾಣಗಳೇ.